ಒಂದೇ ಗೀಟು

ನಮ್ಮ ಲ್ಯಾಬಿನ ಸರ್‌ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವೈರು ಸುಲಿಯಲು ಅದೇ ಅವರ ಚಾಕು. ಅಂತೂರ ಬೆಂತೂರ ಎಂಬ ಹಳ್ಳಿಯ ಒಕ್ಕಲುತನದ ಮನೆಯವರು. ಗದಗಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಅಳೆಯುವುದನ್ನು ಕಲಿಸಿದರು. ಲ್ಯಾಬಿನಲ್ಲಿ ರಬ್ಬರ್ ಕಂಡರೆ ಕಿಟಕಿಯಾಚೆ ಎಸೆಯುತ್ತಿದ್ದರು. ಅನುಮಾನದ ಅಂಕಿಯನ್ನು ಅಳಿಸಕೂಡದು. ಮೇಲೆ ಒಂದೇ ಗೀಟು ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಆಮೇಲೆ ಮತ್ತೆರಡು ಸಲ ಅಳೆಯಬೇಕು. ಮೂರು ಸಲವೂ ಒಂದೇ ಅಂಕಿ ಬಂದರೆ ಪಕ್ಕದಲ್ಲಿ ತಾವೇ "ಖರೆ ಐತಿ" ಎಂದು ಬರೆಯುತ್ತಿದ್ದರು. ಪ್ರಿನ್ಸಿಪಾಲರು ಬೇಡವೆಂದರೂ ಹಾಗೆ ಬರೆಯುವ ಚಾಳಿ ಬಿಡಲಿಲ್ಲ.

ಕೊನೆಯ ವರ್ಷ ನಮ್ಮ ಪ್ರಾಜೆಕ್ಟು ಕೊರ್ಲಹಳ್ಳಿಯ ಹೊಳೆದಂಡೆಯ ನೀರಿನ ಪಂಪು. ಅದರ ನಡುಕವನ್ನು ಸೆನ್ಸರಿನಿಂದ ಲ್ಯಾಪ್‌ಟಾಪಿಗೆ ಹಿಡಿದೆವು. ಗ್ರಾಫೆಲ್ಲ ಸಮವಾಗಿತ್ತು, ಹತ್ತನೆಯ ನಿಮಿಷದಲ್ಲಿ ಮಾತ್ರ ಚಂಗನೆ ಜಿಗಿದಿತ್ತು. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ನಾನು ಆ ಜಿಗಿತವನ್ನು ಅಳಿಸಿ ಪ್ರಿಂಟ್ ತೆಗೆಸಿದೆ.

ಸರ್ ನೋಡಿ ನಕ್ಕರು. "ಏನಲೇ, ಹೊಲದಾಗ ಕೂರಿಗಿ ಸಾಲೂ ಇಷ್ಟ ನೆಟ್ಟಗ ಬರಂಗಿಲ್ಲ!"

"ಒಂದ ಕಡೆ ತಪ್ಪ ಬಂದಿತ್ರೀ ಸರ್, ತಗದೇನಿ. ವೈರ್ ಸಡಲ ಇತ್ತು ಅನಸ್ತೈತಿ."

"ಅನಸ್ತೈತೋ, ಕೈಯಿಟ್ಟ ನೋಡೀಯೋ?"

ನೋಡಿರಲಿಲ್ಲ. "ಪರೀಕ್ಷಾದಾಗ ಇದ್ದದ್ದು ಹೇಳಿದ್ರ ಎದ್ದು ಬಂದು ಎದಿಗೆ ಒದೀತಾರ್ರೀ" ಎಂದು ಗೊಣಗಿದೆ.

"ಒದೀಲಿ. ಖರೆ ಅಂಕಿಗೆ ಒದಸ್ಕೊಂಡ್ರ ನೋವು ಕಡಿಮಿ. ನಡಿ, ಗಾಡಿ ಹತ್ತು."

ಅವರ ಬೈಕಿನಲ್ಲಿ ಕೊರ್ಲಹಳ್ಳಿಗೆ ಹೋದೆವು. ವೈರು ಗಟ್ಟಿಯಾಗಿತ್ತು. ಮತ್ತೆರಡು ಸಲ ಅಳೆದರೂ ಹತ್ತನೆಯ ನಿಮಿಷಕ್ಕೆ ಅದೇ ಜಿಗಿತ. ಪಂಪಿನವನು ಬಿಚ್ಚಿ ನೋಡಿದರೆ ಬೇರಿಂಗಿನ ಒಂದು ಗುಂಡು ಬಿರುಕು ಬಿಟ್ಟಿತ್ತು. ಹಾಗೇ ಓಡಿಸಿದ್ದರೆ ಊರಿನ ನೀರು ನಿಲ್ಲುತ್ತಿತ್ತು. ಸರ್ ಬೈಯಲಿಲ್ಲ. "ಮಷಿನ್ ಒದರಾಕತ್ತಿತ್ತು, ನೀ ಅದರ ಬಾಯಿ ಮುಚ್ಚಿದಿ" ಎಂದರಷ್ಟೇ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ. ಪರೀಕ್ಷಕರ ಮುಂದೆ ಜಿಗಿದ ಗ್ರಾಫನ್ನೇ ಇಟ್ಟೆ, ಯಾರೂ ಒದೆಯಲಿಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ ಒಂದು ನೋಟ್‌ಬುಕ್ ಕೈಗಿತ್ತರು. ದಿನಾ ಬಿ.ಪಿ. ನೋಡಿಕೊಂಡು ಬರೆದಿಟ್ಟದ್ದು.

"ಕಡೀ ದಿನ, ಜಲ್ದಿ ದವಾಖಾನಿಗೆ ಹೋಗೂಣು ನಡೀರಿ ಅಂದ್ರ, ತಡಿ, ಇನ್ನೆರಡ ಸಲ ನೋಡ್ತೇನಿ ಅಂದ್ರಪಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಯ ಪುಟದಲ್ಲಿ ಗಾಬರಿ ಬೀಳಿಸುವಷ್ಟು ದೊಡ್ಡ ಅಂಕಿ, ಅದರ ಮೇಲೆ ಒಂದೇ ಗೀಟು. ಕೆಳಗೆ ಎರಡು ಸಲ ಮತ್ತದೇ ಅಂಕಿ. ಪಕ್ಕದಲ್ಲಿ, ಅಕ್ಷರ ಸೊಟ್ಟಗಾಗಿದ್ದರೂ ಓದಲು ಬರುವಂತೆ, "ಖರೆ ಐತಿ."