ಸಿಮೆಂಟಿನ ಬುದ್ಧನ ಗ್ರೀಕ್ ಕೂದಲು

ಇತಿಹಾಸದಲ್ಲಿ ಎಂ.ಎ. ಮಾಡಿದವರನ್ನು ಮನೆಗೆ ಕರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಅನುಭವದಿಂದ ಹೇಳುತ್ತಿದ್ದೇನೆ, ಆ ಎಂ.ಎ. ನಾನೇ. ಐರ್ಲೆಂಡಿನ ನೇಸ್ ಎಂಬ ಊರಿನ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿ ಕೂರುವ ನನ್ನನ್ನು ಯಾರೂ ಅಲೆಕ್ಸಾಂಡರನ ಬಗ್ಗೆ ಕೇಳುವುದಿಲ್ಲ. ಹಾಗಾಗಿ ಕೇಳದವರಿಗೇ ಹೇಳುತ್ತೇನೆ. ಯಾರಾದರೂ ಜಾತಕ ಬಿಚ್ಚಿದರೆ, ಮೇಷ ವೃಷಭಗಳು ಗ್ರೀಕರ ಜೊತೆ ಬಂದ ನೆಂಟರು ಎನ್ನುತ್ತೇನೆ. "ಅಮ್ಮಾ, ನಾಟ್ ದ ಗ್ರೀಕ್ಸ್ ಅಗೇನ್!" ಎಂದು ಮಗಳು ಈ ಸೀಮೆಯ ಅಪ್ಪಟ ಕಿಲ್ಡೇರ್ ಧಾಟಿಯಲ್ಲಿ ರಾಗ ಎಳೆಯುತ್ತಾಳೆ.

ಈ ಚಟ ಹೋದ ತಿಂಗಳು ದುಬಾರಿಯಾಯಿತು. ಪಕ್ಕದ ಮನೆಯ ಮೌರೀನ್‌ಗೆ ಎಪ್ಪತ್ತು ದಾಟಿದೆ. ನಾವು ಬಂದಾಗಿನಿಂದ ನನ್ನ ಮಗಳನ್ನು ಶಾಲೆಯಿಂದ ಕರೆತರುವವರು ಅವರೇ. ಈ ಊರಿನಲ್ಲಿ ನನಗೊಂದು ತವರು ಇದ್ದರೆ ಅದು ಅವರ ಅಡುಗೆಮನೆ. ಒಂದು ಸಂಜೆ ಅವರು ಗಿಡ ಮಾರುವ ಅಂಗಡಿಯಿಂದ ಕೊಂಡ ಸಿಮೆಂಟಿನ ಬುದ್ಧನನ್ನು ತಳ್ಳುಗಾಡಿಯಲ್ಲಿ ತಂದು ನಮ್ಮ ಹಿತ್ತಲಲ್ಲಿ ಇಳಿಸಿದರು. "ನಿಮ್ಮತ್ತೆ ಬಂದಿದ್ದಾರಲ್ಲ, ಅವರಿಗೆ ನಿಮ್ಮ ಕಡೆಯವರು ಒಬ್ಬರಾದರೂ ಇರಲಿ ಅಂತ."

ಥ್ಯಾಂಕ್ಯೂ ಎಂದು ಸುಮ್ಮನಿರಬಹುದಿತ್ತು. ನಾನು ಶುರುಮಾಡಿದೆ. ಅಲೆಕ್ಸಾಂಡರನ ಹಿಂದೆ ಬಂದವರು ಊರಿಗೆ ಮರಳದೆ ಬ್ಯಾಕ್ಟ್ರಿಯಾದಲ್ಲಿ ನೆಲೆಸಿದ್ದು, ಅಲ್ಲೇ ನಾಟಕಶಾಲೆ, ಗರಡಿಮನೆ ಕಟ್ಟಿಕೊಂಡದ್ದು, ಅವರ ಶಿಲ್ಪಕಲೆ ಗಾಂಧಾರಕ್ಕಿಳಿದು ಬುದ್ಧನಿಗೆ ಅಪೊಲೊ ದೇವರ ಅಲೆಗೂದಲು ಬಂದದ್ದು. ಅಷ್ಟಕ್ಕೇ ನಿಲ್ಲದೆ, "ಹಾಗೆ ನೋಡಿದ್ರೆ ಇವನು ಪೂರ್ತಿ ನಮ್ಮವನಲ್ಲ ಮೌರೀನ್, ಅರ್ಧ ಗ್ರೀಕ್" ಎಂದೂ ಹೇಳಿದೆ.

ಅವರ ಮುಖ ಸಣ್ಣದಾಯಿತು. "ಗ್ರ್ಯಾಂಡ್" ಎಂದರು. ಇಲ್ಲಿಯವರ ಬಾಯಲ್ಲಿ ಅದಕ್ಕೆ ಚೆನ್ನಾಗಿದೆ, ಪರವಾಗಿಲ್ಲ, ಇನ್ನು ಸಾಕು ಎಂಬ ಎಲ್ಲ ಅರ್ಥಗಳೂ ಇವೆ. ಅಂದಿನದು ಕೊನೆಯ ಅರ್ಥ. ಮರುದಿನದಿಂದ ಮಗಳನ್ನು ಬಾಗಿಲಲ್ಲೇ ಬಿಟ್ಟು ಹೊರಟುಬಿಡುತ್ತಿದ್ದರು. ಟೀಗೆ ಕರೆದರೆ ತಲೆನೋವು. ಹತ್ತು ದಿನ ನನಗೆ ಊಟ ರುಚಿಸಲಿಲ್ಲ.

ಆಗಲೂ ನೆನಪಾದದ್ದು ಗ್ರೀಕರೇ, ನೋಡಿ. ವಿದಿಶೆಗೆ ಬಂದ ಗ್ರೀಕ್ ರಾಯಭಾರಿಯೊಬ್ಬ ಗರುಡಗಂಬ ನಿಲ್ಲಿಸಿ, ತಾನು ಭಾಗವತನೆಂದು ಕಲ್ಲಿನಲ್ಲಿ ಬರೆಸಿದ. ಪಕ್ಕದಲ್ಲಿ ನನ್ನಂಥವಳೊಬ್ಬಳು ನಿಂತು, "ನೀನು ಯವನ, ಗರುಡ ನಿನ್ನವನಲ್ಲ" ಎಂದಿದ್ದರೆ, ಪಾಪ, ಕಂಬ ಅರ್ಧಕ್ಕೇ ನಿಲ್ಲುತ್ತಿತ್ತು.

ಮಂಡ್ಯದ ನಮ್ಮತ್ತೆಗೆ ಇದಾವುದರ ಗೊಡವೆಯಿಲ್ಲ. ದಿನಾ ಬೆಳಗ್ಗೆ ಬುದ್ಧನ ತಲೆಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ಮೌರೀನ್ ಬೇಲಿಯಿಂದ ಹೂ ಕಿತ್ತು ಏರಿಸುತ್ತಿದ್ದರು. ಶನಿವಾರ ಸಿಕ್ಕಿಬಿದ್ದರು. ಮೌರೀನ್ ಕತ್ತರಿ ಹಿಡಿದು ಬರುವುದನ್ನು ಕಂಡು ನಾನು ಹಿತ್ತಲಿಗೆ ಓಡಿದೆ. ಅವರೋ ತಾವೇ ಒಂದು ಹಿಡಿ ಹೂ ಕತ್ತರಿಸಿ ಅತ್ತೆಯ ಕೈಗಿಟ್ಟರು. ಕುಂಕುಮದ ಹಣೆಯನ್ನು ಬಹಳ ಹೊತ್ತು ನೋಡಿ, ನನ್ನತ್ತ ತಿರುಗದೆ ಅತ್ತೆಯನ್ನೇ ಕೇಳಿದರು, "ಹಾಗಾದರೆ ಇವನು ಎಲ್ಲಿಯವನು?"

ಎರಡು ಸಾವಿರ ವರ್ಷದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಪ್ರಶ್ನೆಯನ್ನಷ್ಟೇ ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಇದೇನಮ್ಮ ಹಿಂಗ್ ಕೇಳ್ತಾರೆ?" ಅತ್ತೆ ಹೂ ಹಿಡಿದ ಕೈಯಿಂದಲೇ ಬೇಲಿಯಾಚೆ ತೋರಿಸಿದರು. "ಅವ್ರ ಮನೆಯಿಂದ ತಾನೆ ಬಂದಿದ್ದು?"

ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ, ನನ್ನದೊಂದು ಮಾತೂ ಸೇರಿಸದೆ. ಮೌರೀನ್ ಕತ್ತರಿಯನ್ನು ಬುದ್ಧನ ಪಕ್ಕದಲ್ಲಿಟ್ಟು ಒಳಗೆ ಬಂದರು. ಕೂತು, ಟೀಗೆ ಹಾಲು ಸಾಲದೆಂದು ನನ್ನನ್ನು ಗದರಿದರು.