ಅರವತ್ತೆರಡು ವರ್ಷದ ಮನೆತನ

ನನಗೆ ಮನೆತನದ ಹೆಸರೇ ಇಲ್ಲವೆಂಬ ಗುಟ್ಟನ್ನು ಮೂವತ್ತೈದು ವರ್ಷ ಅಮೆರಿಕದಿಂದ ಮುಚ್ಚಿಟ್ಟಿದ್ದೆ. ಕೊನೆಗೆ ಅದು ಸೊಸೆಯ ಮುಂದೆ ಬಯಲಾಯಿತು.

ಊರಿನಲ್ಲಿ ನಾನು ಎಚ್. ಎಸ್. ನಂಜುಂಡಯ್ಯ. ಎಚ್ ಎಂದರೆ ಊರು, ಎಸ್ ಎಂದರೆ ಅಪ್ಪ ಸಿದ್ದಯ್ಯ. ನಮ್ಮ ಕಡೆ ಅಪ್ಪನಾದವನು ಒಂದಕ್ಷರವಾಗಿ ಮಕ್ಕಳ ಹೆಸರಿನ ಮುಂದೆ ನಡೆಯುತ್ತಾನೆ. ಇಲ್ಲಿಗೆ ಬಂದಾಗ 'ಲಾಸ್ಟ್ ನೇಮ್' ಎಂಬ ಖಾನೆ ಬಾಯಿ ತೆರೆದು ಕೂತಿತ್ತು. 'ನಂಜು' ಎಂದು ಮೊದಲ ಖಾನೆಗೆ, 'ನಂಜುಂಡಯ್ಯ' ಎಂದು ಕೊನೆಯದಕ್ಕೆ ಬರೆದು ಎರಡೂ ಕಡೆ ನಾನೇ ತುಂಬಿಕೊಂಡೆ. ಅಪ್ಪನನ್ನು ಊರಿನ ಸಮೇತ ಕೈಬಿಟ್ಟೆ.

ಮದುವೆಯಾಗಿ ಬಂದ ಸಾವಿತ್ರಿಗೂ ಅದೇ ಹೆಸರು ಅಂಟಿತು. ಗಂಡನ ಹೆಸರೆತ್ತದೆ 'ಇವರು' ಎನ್ನುವವಳು, ಔಷಧದಂಗಡಿಯವರಿಗೆ ಫೋನಿನಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವಾಗ ನನಗೆ ಒಳಗೊಳಗೇ ಖುಷಿ.

ಹೋದ ತಿಂಗಳು ನಮ್ಮ ಮಗನನ್ನು ಮದುವೆಯಾದ ಕ್ಲೇರ್, ಹೆಸರು ಬದಲಾಯಿಸುವ ಅರ್ಜಿ ಹಿಡಿದು ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಬಂದಳು. ನಂಜುಂಡಯ್ಯ ಎಂಬ ಈ ಫ್ಯಾಮಿಲಿ ನೇಮ್ ಎಷ್ಟು ಹಳೆಯದು ಎಂದು ಕಣ್ಣರಳಿಸಿ ಕೇಳಿದಳು.

"ಸಿಕ್ಸ್‌ಟಿ ಟೂ ಇಯರ್ಸ್," ಎಂದಳು ಒಗ್ಗರಣೆ ಹಾಕುತ್ತಿದ್ದ ಸಾವಿತ್ರಿ. "ಇವರಿಗೆಷ್ಟು ವಯಸ್ಸೋ ಅಷ್ಟೇ ಕಣಮ್ಮ."

ವಿಷಯ ತಿಳಿದು ಕ್ಲೇರ್ ಬಿದ್ದು ಬಿದ್ದು ನಕ್ಕಳು. ಆದರೆ ಅರ್ಜಿಯಲ್ಲಿ 'ಮಿಲ್ಲರ್' ಎಂದು ಹಳೆಯ ಹೆಸರು ಬರೆದವಳು ಪೆನ್ನು ಮುಂದೆ ಓಡಿಸಲಿಲ್ಲ. ಅದು ಎರಡು ವರ್ಷದ ಹಿಂದೆ ತೀರಿಕೊಂಡ ಅವಳ ಅಪ್ಪನ ಹೆಸರು. ಅವಳು ಅವರಿಗೆ ಒಬ್ಬಳೇ ಮಗಳು.

"ಡ್ಯಾಡ್ ವುಡಂಟ್ ಮೈಂಡ್, ರೈಟ್?" ಎಂದು ನನ್ನನ್ನೇ ಕೇಳಿದಳು.

ನನಗೆ ಸಂಕಟವಾಯಿತು. ನಮ್ಮವಳಾಗಬೇಕೆಂದು ಆಸೆಪಟ್ಟು ಬಂದ ಹುಡುಗಿಗೆ ಬೇಡವೆನ್ನಲಾರೆ. ಹಾಗೆಂದು ಒಬ್ಬ ಅಪ್ಪನನ್ನು ಎಬ್ಬಿಸಿ ಅವರ ಜಾಗದಲ್ಲಿ ನಾನು ಕೂರುವುದೇ? ನಮ್ಮೂರಿನ ಪದ್ಧತಿಯನ್ನು ವಿವರಿಸಿದೆ. ಅವಳು ಕಾಗದದ ಚೂರಿನ ಮೇಲೆ 'ಎಂ. ಕ್ಲೇರ್ ನಂಜುಂಡಯ್ಯ' ಎಂದು ಬರೆದು, ದೂರ ಹಿಡಿದು ನೋಡಿದಳು. ಕಣ್ಣು ಒರೆಸಿಕೊಂಡು, ಹಾಗೇ ಅರ್ಜಿಗೂ ಇಳಿಸಿದಳು.

ಆಮೇಲೆ ತಲೆಯೆತ್ತಿ ಕೇಳಿದಳು: "ಸೋ ವೇರ್ ಈಸ್ ಯುವರ್ ಡ್ಯಾಡ್, ಅಂಕಲ್?"

ಆ ಭಾನುವಾರ ಅವಳ ಹುಟ್ಟುಹಬ್ಬದ ಕಾರ್ಡಿಗೆ ಸಹಿ ಮಾಡಲು ಕೂತೆ. 'ಎಚ್. ಎಸ್.' ಎಂದು ಬರೆದು, ಅದರ ಪಕ್ಕದಲ್ಲಿ ನನ್ನ ಹೆಸರು ಬರೆದೆ.

ಸಾವಿತ್ರಿ ಬಗ್ಗಿ ನೋಡಿ, ಸೆರಗು ಸರಿಮಾಡಿಕೊಂಡಳು.

"ಮಾವನೋರು ಬಂದ್ರಾ?" ಎಂದಳು.