ಬಸವನಿಗೆ ಕುರಿ ಕತ್ತರಿ

ಸೇಂಟ್ ಬರ್ನಾರ್ಡ್ ನಾಯಿಗೆ ಕುರಿ ಉಣ್ಣೆ ತೆಗೆಯುವ ಕತ್ತರಿಯಿಂದ ಕ್ಷೌರ ಮಾಡಿಸಿದವರು ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಒಬ್ಬಳಂತೂ ಇದ್ದೇನೆ.

ಮಾಡಿಸಿದ್ದು ವಾದ ಗೆದ್ದು. ಸೋತಿದ್ದರೆ ನಾಯಿಯ ಚರ್ಮ ಉಳಿಯುತ್ತಿತ್ತು. ಕತ್ತರಿ ಹಿಡಿದ ಕುರಿಗಾಹಿ ನಿಂಗಣ್ಣನ ಹೆಸರೂ ಉಳಿಯುತ್ತಿತ್ತು.

ನಮ್ಮ ಚಿಕ್ಕಪ್ಪನದು ಶಿವನಿ ಹತ್ತಿರ ತೆಂಗಿನ ತೋಟ. ಕೆಡವಿದ ಕಾಯಿಯ ರಾಶಿ ಬೆಳಗಾಗುವಷ್ಟರಲ್ಲಿ ಸ್ವಲ್ಪ ಕರಗಿರುತ್ತಿತ್ತು. ನಾಯಿ ಬೇಕು ಎಂದರು. ಸರಿಯೇ. ಆದರೆ ಯಾವ ನಾಯಿ? ಚಿಕ್ಕಪ್ಪ ಮೊಬೈಲ್ ತೆಗೆದು ಮನೆಯವರಿಗೆಲ್ಲ ಫೋಟೊ ತೋರಿಸಿದರು. ಒಂದು ಹಸ್ಕಿ. ಒಂದು ಸೇಂಟ್ ಬರ್ನಾರ್ಡ್. ಟಿಬೆಟ್ ಕಡೆಯ, ಸಿಂಹದ ಕೇಸರ ಇದ್ದಂಥದ್ದು ಇನ್ನೊಂದು. ಮೂರೂ ಹಿಮದಲ್ಲಿ ನಿಂತಿದ್ದವು. (ಅದೇ ಒಂದು ಸುಳಿವು ಎಂದು ಯಾರಿಗೂ ಅನಿಸಲಿಲ್ಲ.)

ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಬಿಡುತ್ತೇನೆಯೇ?

"ಚಿಕ್ಕಪ್ಪ, ಮಾರ್ಚ್ ಬಂದ್ರೆ ನೀವು ಬನಿಯನ್ನೂ ಹಾಕಲ್ಲ. ಆ ಪ್ರಾಣಿನ ಎರಡು ರಗ್ಗು ಹೊದಿಸಿ ಕಟ್ಟಾಕ್ತೀರಾ? ಮುಧೋಳ ತನ್ನಿ. ನಮ್ಮ ಬಿಸಿಲಿಗೇ ಹುಟ್ಟಿದ ನಾಯಿ."

"ಮುಧೋಳನಾ? ಅದರ ಪಕ್ಕೆಲುಬು ನೋಡಿ ಕಳ್ಳನೇ ಅಯ್ಯೋ ಪಾಪ ಅಂತ ಅನ್ನ ಹಾಕ್ಬಿಟ್ಟು ಹೋಗ್ತಾನೆ ಕಣೇ ಲಾಯರಮ್ಮ!"

ಎಲ್ಲರೂ ನಕ್ಕರು. ಸಭೆ ನಕ್ಕ ಮೇಲೆ ಅಂಕಿ ಅಂಶಕ್ಕೆ ಬೆಲೆ ಇಲ್ಲ. ಸೋತೆ.

ಕಾವಲಿಗೆ ನಾಯಿ ಬೇಕೆಂದವರು ಅದು ರಾತ್ರಿ ಎಚ್ಚರವಿರುತ್ತದೆಯೇ ಎಂದು ವಿಚಾರಿಸಬೇಕು. ನಮ್ಮವರು ವಿಚಾರಿಸಿದ್ದು ಎಷ್ಟು ಎತ್ತರ ಬೆಳೆಯುತ್ತದೆ ಎಂದು. ಬಸ್ಸಿನಲ್ಲಿ ಹೋಗುವವರು ಬಗ್ಗಿ ನೋಡಬೇಕು, ಅಷ್ಟೇ. ಮೇ ತಿಂಗಳಲ್ಲಿ ಕಡೂರಿನ ಛತ್ರದಲ್ಲಿ ಮದುವೆ ಗಂಡು ಮೂರು ಪೀಸಿನ ಸೂಟು ತೊಟ್ಟು ಬೆವರು ಒರೆಸಿಕೊಳ್ಳುತ್ತಾ ನಿಂತಿರುವುದನ್ನು ನೀವೂ ನೋಡಿದ್ದೀರಿ. ಅದೇ ಲೆಕ್ಕ. ಅವನಾದರೋ ಫೋಟೊ ಮುಗಿದ ಮೇಲೆ ಕೋಟು ಬಿಚ್ಚಬಹುದು.

ಸೇಂಟ್ ಬರ್ನಾರ್ಡ್ ಮರಿ ಬಂತು. ಆರೇಳು ತಿಂಗಳಲ್ಲಿ ಕರುವಿನಷ್ಟಾಯಿತು. ಚಿಕ್ಕಮ್ಮ ಬಸವ ಎಂದು ಕರೆದರು, ಅದೇ ಹೆಸರಾಯಿತು. ಚಳಿಗಾಲದಲ್ಲಿ ಬಸವ ಬಂದವರನ್ನೆಲ್ಲ ನೆಕ್ಕಿ ಸ್ವಾಗತಿಸಿದ. (ಕಳ್ಳರನ್ನೂ ಇರಬೇಕು. ರಾಶಿ ಮೊದಲಿನ ಹಾಗೇ ಕರಗುತ್ತಿತ್ತು.)

ಕಳೆದ ವರ್ಷ ಏಪ್ರಿಲ್‌ನಲ್ಲಿ ಹೋದಾಗ ಬಸವ ಬಚ್ಚಲ ಮೋರಿಯಲ್ಲಿ ಮಲಗಿದ್ದ. ನಾಲಿಗೆ ಗೇಣುದ್ದ ಹೊರಗೆ. ಅನ್ನ ಮುಟ್ಟುತ್ತಿರಲಿಲ್ಲ. ಚಿಕ್ಕಮ್ಮ ಗೋಣಿಚೀಲ ನೆನೆಸಿ ತಂದು ಅವನ ಕೆಳಗೆ ಹಾಸುತ್ತಿದ್ದರು.

"ಇವ್ನು ಈ ಬೇಸಿಗೆ ದಾಟಲ್ಲ ಕಣೇ. ಓದಿದೀಯಲ್ಲ, ಏನಾದ್ರೂ ಮಾಡು."

ಓದಿದವಳು ಮಾಡಿದ್ದೇನು? ಡಾಕ್ಟರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕಣ್ಣೆದುರೇ ಉತ್ತರ ಕಂಡಿತ್ತಲ್ಲ! ಪ್ರತಿ ವರ್ಷ ಆ ದಿನಗಳಲ್ಲಿ ನಿಂಗಣ್ಣನ ಕುರಿಮಂದೆ ಚಿಕ್ಕಪ್ಪನ ತೋಟದಲ್ಲಿ ತಂಗುತ್ತಿತ್ತು. ಮರಗಳಿಗೆ ಗೊಬ್ಬರ, ನಿಂಗಣ್ಣನಿಗೆ ಕಾಳು ಮತ್ತು ಕಾಸು. ಅವತ್ತು ಅವನು ಹುಣಸೆಮರದ ಕೆಳಗೆ ಕೂತು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಉಣ್ಣೆ ಇಳಿದ ಕುರಿ ಎದ್ದು ಒದರಿಕೊಂಡು ಹಗುರವಾಗಿ ಓಡುತ್ತಿತ್ತು.

"ನಿಂಗಣ್ಣ, ಬಸವನಿಗೂ ಒಂದ್ಸಲ ಕತ್ತರಿ ಆಡಿಸಿಬಿಡು."

ಅವನು ಬಂದು ನಾಯಿಯ ಬೆನ್ನಿನ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿದ. "ಬ್ಯಾಡ ಕಣವ್ವಾ. ಕುರಿದೇ ಬೇರೆ, ಇದೇ ಬೇರೆ. ಒಳಗೆ ಹತ್ತಿ ಹಂಗೆ ಇನ್ನೊಂದು ಪದ್ರ ಐತೆ."

"ಕುರಿಗೆ ಸೆಕೆ, ಕತ್ತರಿಸ್ತೀಯ. ನಾಯಿಗೂ ಸೆಕೆ, ಕತ್ತರಿಸಲ್ಲ. ಯಾಕೆ? ಕಾರಣ ಹೇಳು."

"ಕಾರಣ ಅಂದ್ರೆ... ನಾನೂ ಉರಿ ಬಿಸ್ಲಾಗೆ ಕಂಬ್ಳಿ ಹೊದ್ಕಂಡೇ ತಿರುಗ್ತೀನಲ್ಲವ್ವಾ."

"ಅದು ಅಭ್ಯಾಸ ನಿಂಗಣ್ಣ. ಅಭ್ಯಾಸ ಕಾರಣ ಆಗಲ್ಲ."

(ಈ ಸಾಲಿಗೆ ಒಮ್ಮೆ ಅಂತರಕಾಲೇಜು ಸ್ಪರ್ಧೆಯಲ್ಲಿ ಚಪ್ಪಾಳೆ ಬಿದ್ದಿತ್ತು.)

ನಿಂಗಣ್ಣ ಸುಮ್ಮನಾದ. ಎದುರಾಳಿ ಸುಮ್ಮನಾದರೆ ಗೆದ್ದಂತೆ ಎಂದು ನಮಗೆ ಕಲಿಸಿದ್ದರು. "ನಿಮ್ಮಿಷ್ಟ ಕಣವ್ವಾ," ಎಂದು ಕತ್ತರಿ ತಂದ. ಚಿಕ್ಕಮ್ಮ ಬಸವನ ತಲೆ ಹಿಡಿದುಕೊಂಡರು. ಚಿಕ್ಕಪ್ಪ ಎರಡು ದಿನಕ್ಕೆಂದು ಬೀರೂರಿಗೆ ಹೋಗಿದ್ದರು.

ಒಂದು ಚೀಲ ಕೂದಲು ಬಂತು. ಉಳಿದ ನಾಯಿ ಅರ್ಧವೂ ಇರಲಿಲ್ಲ. ಮೈಯೆಲ್ಲ ನಸುಗೆಂಪು, ಮೇಲೆ ಕತ್ತರಿಯ ಗೆರೆಗಳು. ಸಂಜೆ ಒಂದು ಬಟ್ಟಲು ಮಜ್ಜಿಗೆ ಅನ್ನ ತಿಂದ. "ನೋಡಿದ್ರಾ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ನಾಲ್ಕನೇ ದಿನಕ್ಕೆ ಬೆನ್ನು ಕೆಂಡದಂತಾಯಿತು. ಆಮೇಲೆ ಗುಳ್ಳೆ. ಗುಳ್ಳೆ ಒಡೆದು ನೊಣ ಮುತ್ತತೊಡಗಿದವು. ಬಸವ ಯಾರು ಮುಟ್ಟಿದರೂ ಗುರ್ರೆನ್ನುತ್ತಿದ್ದ, ನಿಂಗಣ್ಣನೊಬ್ಬನನ್ನು ಬಿಟ್ಟು. ಹಾಗಾಗಿ ಗೂಡ್ಸ್ ಆಟೋದಲ್ಲಿ ಪಶು ಡಾಕ್ಟರ ಹತ್ತಿರ ಹೋಗುವಾಗ ಅವನನ್ನೂ ಕರೆದುಕೊಂಡು ಹೋದೆವು.

ಡಾಕ್ಟರು ಹೇಳಿದ್ದನ್ನು ದೊಡ್ಡ ಕೂದಲಿನ ನಾಯಿ ಸಾಕಿರುವ, ಸಾಕಬೇಕೆಂದಿರುವ ಓದುಗರು ದಯವಿಟ್ಟು ಗಮನಿಸಿ. ಆ ಕೂದಲೇ ಅದಕ್ಕೆ ಚಪ್ಪರ. ಮೇಲಿನ ಪದರ ಬಿಸಿಲನ್ನು ಚರ್ಮಕ್ಕೆ ತಾಗಲು ಬಿಡುವುದಿಲ್ಲ. ಉದುರುವ ಒಳಗೂದಲನ್ನು ಬಾಚಿ ತೆಗೆಯಬೇಕು, ಬೋಳಿಸಬಾರದು. ನೆರಳು, ನೀರು, ಫ್ಯಾನು ಕೊಡಬೇಕು. ನಡೆಸುವುದಿದ್ದರೆ ಬಿಸಿಲೇರುವ ಮೊದಲು. ಇಷ್ಟೆಲ್ಲ ಮಾಡಿದರೂ ಅದಕ್ಕೆ ನಮ್ಮ ಬೇಸಿಗೆ ಕಷ್ಟವೇ.

"ಈ ಊರಿಗೆ ಈ ನಾಯಿ ತಂದಿದ್ದು ಮೊದಲನೇ ತಪ್ಪು," ಎಂದರು ಡಾಕ್ಟರು. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು. "ಎರಡನೇದು ಇದು. ಯಾರ್ರೀ ಕತ್ತರಿಸಿದ್ದು?"

"ನಾನೇ ಸಾ," ಎಂದ ನಿಂಗಣ್ಣ.

"ಬುದ್ಧಿ ಬೇಡವೇನಯ್ಯಾ? ಇದೇನು ಕುರಿನಾ?"

"ತಪ್ಪಾಯ್ತು ಸಾ."

ಚಿಕ್ಕಮ್ಮ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮನೆ ಮಗಳನ್ನು ಬಿಟ್ಟುಕೊಡಲಾದೀತೇ? ನಾನೂ ಹೇಳಲಿಲ್ಲ. ಡಾಕ್ಟರು ಕೇಳಿದ್ದು ಯಾರು ಕತ್ತರಿಸಿದ್ದು ಎಂದು. ಯಾರು ಕತ್ತರಿಸಲು ಹೇಳಿದ್ದು ಎಂದಲ್ಲ. ನಿಯಮದ ಪ್ರಕಾರ ನನ್ನ ಸರದಿ ಬರಲೇ ಇಲ್ಲ.

ಬಸವ ಬದುಕಿದ. ಆ ಬೇಸಿಗೆ ಮುಗಿಯುವವರೆಗೂ ನಡುಮನೆಯ ಫ್ಯಾನಿನ ಕೆಳಗೆ ಮುಲಾಮು ಹಚ್ಚಿಸಿಕೊಂಡು ಮಲಗಿದ್ದ. ಗುಡ್ಡದ ಮೇಲೆ ಕಾಫಿ ತೋಟ ಇರುವ ಸ್ನೇಹಿತರೊಬ್ಬರಿಗೆ ಅವನನ್ನು ಕೊಡಲು ಚಿಕ್ಕಪ್ಪ ಫೋನ್ ಮಾಡಿದರು. ಅವರು ಫೋಟೊ ನೋಡಿ, "ಇಲ್ಲಿ ಮಳೆ, ಚಳಿ. ಕೂದಲಿಲ್ಲದ ನಾಯಿ ಹೇಗ್ರೀ ತಡೆಯುತ್ತೆ? ಕೂದಲು ಬಂದ ಮೇಲೆ ನೋಡೋಣ," ಎಂದರು. ಬಿಸಿಲಿಗೂ ಆಗದ, ಚಳಿಗೂ ಆಗದ ಸೇಂಟ್ ಬರ್ನಾರ್ಡ್ ಜಗತ್ತಿನಲ್ಲಿ ಬೇರೆ ಇದೆಯೇ? ವರ್ಷ ಕಳೆದರೂ ಅವನ ಬೆನ್ನ ಮೇಲೆ ಅಲ್ಲಲ್ಲಿ ಕೂದಲು ಬಂದಿಲ್ಲ.

ಈ ವರ್ಷ ಚಿಕ್ಕಪ್ಪ ನಿಂಗಣ್ಣನ ಮಂದೆಯನ್ನು ಕರೆಯಲಿಲ್ಲ. "ತಲೆ ಇಲ್ದೋನು. ಎರಡು ದಿನ ನಾನು ಇಲ್ಲದೆ ಹೋದ್ರೆ ಇನ್ನೇನು ಕತ್ತರಿಸ್ತಾನೋ," ಎಂದರು. ಬೇರೆಯವರ ಕುರಿ ಬಂದು ಕೂತವು. ಹೋದ ವಾರ ಶಿವನಿ ಬಸ್ ಸ್ಟಾಪಿನಲ್ಲಿ ನಿಂಗಣ್ಣ ಸಿಕ್ಕಿದ. ಅಂಗಡಿ ಕಟ್ಟೆಯಿಂದ ಯಾರೋ ಕೂಗಿದರು: "ಏನ್ ನಿಂಗಣ್ಣ, ನಮ್ಮನೆ ಬೆಕ್ಕಿಗೂ ಒಂದು ಕ್ರಾಪು ಹೊಡೀತೀಯೇನಪ್ಪಾ?" ಅವನೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಬಸ್ವ ಹೆಂಗವ್ನವ್ವಾ?" ಎಂದು ಕೇಳಿದ. ಚೆನ್ನಾಗಿದ್ದಾನೆ ಎಂದೆ. ಬಸ್ಸು ಬಂತು, ಹತ್ತಿದೆ.

ಚಿಕ್ಕಪ್ಪನ ಎದುರು ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದ ಮಾತನ್ನು ಈ ಅಂಕಣದಲ್ಲಿ ಇಷ್ಟುದ್ದ ಬರೆದಿದ್ದೇನೆ. ಚಿಕ್ಕಪ್ಪ ಪೇಪರಿನಲ್ಲಿ ಕೊಬ್ಬರಿ ಧಾರಣೆ ಬಿಟ್ಟು ಬೇರೇನೂ ನೋಡುವುದಿಲ್ಲ. ನಿಂಗಣ್ಣನಿಗೆ ಓದಲು ಬರುವುದಿಲ್ಲ.

ಅದು ಗೊತ್ತಿದ್ದೇ ಇಲ್ಲಿ ಬರೆದೆನೇ?